ತೂಕದ ಬಟನ್ ಒತ್ತಿದರೆ ವಿಂಡೋ ಬಿಳಿಚಿಕೊಳ್ಳುತ್ತೆ, ಏನು ಮಾಡಲಿ?

ಕಾಫಿ ಕೊಯ್ಲು ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ಥರ ಆಗಿಬಿಡುತ್ತವೆ. ಓದು ಮುಗಿಸಿ ತೋಟಕ್ಕೆ ಬಂದ ಮಕ್ಕಳು, ತೂಕ-ಕೂಲಿ ಲೆಕ್ಕ ಬರೆಯುವ ರೈಟರ ಪುಸ್ತಕ ನೋಡುತ್ತಾರೆ. 'ಇದನ್ನ ಕಂಪ್ಯೂಟರಿಗೆ ಹಾಕಬಹುದಲ್ವಾ' ಅಂತ ಕ್ಯೂಟ್ (Qt), ಅಂದರೆ ವಿಂಡೋ, ಬಟನ್ ಇರುವ ಪ್ರೋಗ್ರಾಮ್ ಬರೆಯೋ ಲೈಬ್ರರಿ, ಇಳಿಸಿಕೊಂಡು ಕೂರುತ್ತಾರೆ. ಒಳ್ಳೆಯದೇ. ಆದರೆ ಎಲ್ಲರೂ ಬೀಳೋದು ಅದೇ ಗುಂಡಿಗೆ. ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ, ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಕ್ಲಾಸ್ ಅಂದರೇನು, ಇನ್‌ಸ್ಟಾಲ್ ಹೇಗೆ ಅನ್ನೋದೆಲ್ಲ ಗೊತ್ತಿದೆ ಅಂದುಕೊಂಡೇ ಶುರು ಮಾಡುತ್ತೇನೆ. ಹಾಗೇ ಇನ್ನೊಂದು ಮಾತು: ಅದು 'ಕ್ಯೂಟ್'. 'ಕ್ಯೂಟಿ' ಅಲ್ಲ. ನಾರ್ವೆಯವರು 1995ರಲ್ಲಿ ಹೊರಗೆ ಬಿಟ್ಟ ಲೈಬ್ರರಿ, ಹೆಸರು ಅವರದ್ದು.

ಸಿದ್ದಾಪುರದಿಂದ: ಎಲೆಕ್ಟ್ರಾನಿಕ್ ತಕ್ಕಡಿಯನ್ನು ಯುಎಸ್‌ಬಿ ಕೇಬಲ್‌ನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿದ್ದೇನೆ. 'ತೂಕ ತಗೋ' ಬಟನ್ ಒತ್ತಿದರೆ ತೂಕ ಬರೋವರೆಗೆ ಒಂದು ವೈಲ್ ಲೂಪ್ ಕಾಯುತ್ತದೆ. ಕೆಲವು ಸಲ ಸರಿ ಇರುತ್ತೆ, ಕೆಲವು ಸಲ ವಿಂಡೋ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಅನ್ನುತ್ತೆ. ಅಂಗಡಿಯವರು ರ‍್ಯಾಮ್ ಜಾಸ್ತಿ ಹಾಕಿಸಿ ಅಂದರು. ಗೆಳೆಯ ಪ್ರೋಸೆಸ್‌ಈವೆಂಟ್ಸ್ ಅಂತ ಒಂದು ಸಾಲು ಸೇರಿಸು ಅಂದ. ಯಾವುದು ಸರಿ?

ಎರಡೂ ಅಲ್ಲ. ನಾಲ್ಕು ಅಂಕಿ ಓದೋದಕ್ಕೆ ರ‍್ಯಾಮ್ ಸಾಲದು ಅಂದವರು ನಿಮ್ಮ ಕೋಡ್ ನೋಡಿದ್ರಾ? ಇಲ್ಲ ಅಲ್ವಾ. ದುಡ್ಡು ಜೇಬಲ್ಲೇ ಇರಲಿ.

ಸಂಜೆ ತೂಕದ ಹೊತ್ತಿಗೆ ಕಣದ ಹತ್ತಿರ ನಿಂತು ನೋಡಿರುತ್ತೀರಿ. ಕೊಯ್ದವರೆಲ್ಲ ಚೀಲ ಇಟ್ಟುಕೊಂಡು ಸಾಲಾಗಿ ನಿಂತಿರುತ್ತಾರೆ. ರೈಟರು ಒಬ್ಬರೇ. ಚೀಲ ಬಂತು, ತೂಗಿದರು, ಬರೆದುಕೊಂಡರು, 'ಮುಂದಿನವರು ಬನ್ನಿ' ಅಂದರು. ನಿಮ್ಮ ಮೇನ್ ಫಂಕ್ಷನ್ನಿನ ಕೊನೆಯಲ್ಲಿ ಎಕ್ಸೆಕ್ ಅಂತ ಒಂದು ಸಾಲು ಇದೆಯಲ್ಲ, ಅದೇ ಈ ರೈಟರು. ಮೌಸ್ ಒತ್ತಿದ್ದು, ಕೀ ಒತ್ತಿದ್ದು, 'ನಿನ್ನ ವಿಂಡೋ ಮತ್ತೆ ಬಿಡಿಸು' ಅಂತ ವಿಂಡೋಸ್ ಹೇಳಿದ್ದು, ತಕ್ಕಡಿಯಿಂದ ಅಕ್ಷರ ಬಂದದ್ದು, ಎಲ್ಲವೂ ಚೀಲದವರ ಹಾಗೆ ಅದರ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ಎಕ್ಸೆಕ್ ಒಂದೊಂದನ್ನೇ ಕರೆದು ನಿಮ್ಮ ಕ್ಲಾಸಿನ ಫಂಕ್ಷನ್ನಿಗೆ ಒಪ್ಪಿಸುತ್ತದೆ. ಅದು ಮುಗಿದು ವಾಪಸ್ ಬಂದ ಮೇಲೇ ಮುಂದಿನದು. ನೀವೇನು ಮಾಡಿದ್ದೀರಿ? ಮೊದಲ ಚೀಲ ಬಂದ ಕೂಡಲೇ ರೈಟರನ್ನು ಗೋಡೌನಿನ ಬೀಗದ ಕೈ ಹುಡುಕೋಕೆ ಕಳಿಸಿದ್ದೀರಿ. ಸಾಲು ಅಲ್ಲೇ ನಿಂತಿದೆ.

ನಿಮ್ಮ ಲೂಪಿನೊಳಗೆ ವೇಟ್‌ಫಾರ್‌ರೆಡಿರೀಡ್ ಇದೆ, ತಕ್ಕಡಿಯಿಂದ ಅಕ್ಷರ ಬರೋವರೆಗೆ ಅಲ್ಲೇ ನಿಂತು ಕಾಯುವ ಫಂಕ್ಷನ್. ಎಷ್ಟು ಹೊತ್ತು ಅಂತ ಹೇಳದಿದ್ದರೆ ಅದು 30,000 ಮಿಲಿಸೆಕೆಂಡ್, ಅಂದರೆ ಅರ್ಧ ನಿಮಿಷ ಕಾಯುತ್ತದೆ. ವಿಂಡೋಸಿಗೆ ಅಷ್ಟು ತಾಳ್ಮೆ ಇಲ್ಲ. 5 ಸೆಕೆಂಡ್ ಉತ್ತರ ಬರದಿದ್ದರೆ ಪ್ರೋಗ್ರಾಮ್ ಹ್ಯಾಂಗ್ ಆಗಿದೆ ಅಂತ ಲೆಕ್ಕ ಹಾಕಿ, ಅದರ ಜಾಗದಲ್ಲಿ ಬಿಳಿಚಿದ ನಕಲು ವಿಂಡೋ ನಿಲ್ಲಿಸಿಬಿಡುತ್ತದೆ. ತಕ್ಕಡಿ ಆನ್ ಇದ್ದಾಗ ತೂಕ ತಕ್ಷಣ ಬರುತ್ತದೆ, ನಿಮಗೆ ಗೊತ್ತಾಗೋಲ್ಲ. ಕೇಬಲ್ ಸಡಿಲ ಆದಾಗ, ಕರೆಂಟ್ ಹೋಗಿ ತಕ್ಕಡಿ ಆರಿದಾಗ ಬಣ್ಣ ಬಯಲಾಗುತ್ತದೆ. ನೀವು 'ಕೆಲವು ಸಲ' ಅಂದದ್ದು ಇದೇ. ಕೊಡಗಿನಲ್ಲಿದ್ದುಕೊಂಡು ಕರೆಂಟ್ ಹೋಗೋಲ್ಲ ಅಂತ ನಂಬಿ ಕೋಡ್ ಬರೆಯೋರನ್ನು ನಾನು ಮೊದಲ ಸಲ ನೋಡ್ತಾ ಇರೋದೇನಲ್ಲ.

ಇನ್ನು ಗೆಳೆಯನ ಮದ್ದು. ಈ ಮದ್ದು ಕೊಡುವವರು ಊರಿಗೊಬ್ಬರು ಇದ್ದಾರೆ. ಪ್ರೋಸೆಸ್‌ಈವೆಂಟ್ಸ್ ಹಾಕಿದರೆ ವಿಂಡೋ ಬಿಳಿಚಿಕೊಳ್ಳೋದು ನಿಲ್ಲುತ್ತೆ, ನಿಜ. ನಿಮ್ಮ ಲೂಪಿನ ಮಧ್ಯೆಯೇ ಸಾಲಿನಲ್ಲಿದ್ದವರನ್ನೆಲ್ಲ ಒಳಗೆ ಬಿಟ್ಟರೆ ನಿಲ್ಲದೆ ಏನು? ಹಾಗೆ ಒಳಗೆ ಬಂದವರಲ್ಲಿ 'ತೂಕ ತಗೋ' ಬಟನ್ನನ್ನು ಎರಡನೇ ಸಲ ಒತ್ತಿದ್ದೂ ಇರುತ್ತದೆ. ಮೊದಲನೆಯದು ಇನ್ನೂ ಮುಗಿದಿಲ್ಲ, ಅದರ ಹೊಟ್ಟೆಯೊಳಗೇ ಅದೇ ಫಂಕ್ಷನ್ ಇನ್ನೊಮ್ಮೆ ಶುರು.

ಈ ತಪ್ಪು ನಾನೂ ಮಾಡಿದ್ದೇನೆ. ಹಿಂದೆ ಒಂದು ತೋಟಕ್ಕೆ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಈ ಸಾಲು ಇತ್ತು. ತೂಕ ಬರೋದು ತಡ ಆಯ್ತು ಅಂತ ರೈಟರು ಇನ್ನೊಮ್ಮೆ ಒತ್ತಿದರು. 43 ಕೆಜಿಯ ಒಂದೇ ಚೀಲ ಒಬ್ಬ ಹೆಂಗಸಿನ ಹೆಸರಿಗೆ ಎರಡು ಸಲ ಬಿತ್ತು. ಬಟವಾಡೆ ದಿನ ಲೆಕ್ಕ ತಾಳೆ ಆಗಲಿಲ್ಲ. ಎಲ್ಲರೂ ಆ ಹೆಂಗಸಿನ ಮುಖ ನೋಡಿದರು. ತಪ್ಪು ನನ್ನದು ಅಂತ ಹೇಳೋಕೆ ನನಗೆ ಎರಡು ದಿನ ಬೇಕಾಯಿತು, ಯಾಕಂದರೆ ನನಗೂ ಆಗ ಗೊತ್ತಿರಲಿಲ್ಲ. ಅವತ್ತಿಂದ ಆ ಸಾಲು ಕಂಡರೆ ನನಗೆ ಆಗಲ್ಲ.

ಮಾಡಬೇಕಾದ್ದು ಇಷ್ಟೇ: ಕಾಯೋದನ್ನೇ ಬಿಡಿ. ಕ್ಯೂಮೇನ್‌ವಿಂಡೋದಿಂದ ಡಿರೈವ್ ಮಾಡಿದ ನಿಮ್ಮ ಕ್ಲಾಸಿನ ಕನ್‌ಸ್ಟ್ರಕ್ಟರಿನಲ್ಲಿ ಸೀರಿಯಲ್ ಪೋರ್ಟ್, ಅಂದರೆ ತಕ್ಕಡಿಯ ಅಕ್ಷರ ಬರುವ ದಾರಿ, ತೆರೆದು, ಅದರ ರೆಡಿರೀಡ್ ಸಿಗ್ನಲ್ಲನ್ನು ('ಅಕ್ಷರ ಬಂತು' ಅನ್ನೋ ಕೂಗು) ಒಂದು ಸ್ಲಾಟಿಗೆ (ಆ ಕೂಗಿಗೆ ಓಗೊಡುವ ನಿಮ್ಮ ಫಂಕ್ಷನ್) ಕನೆಕ್ಟ್ ಮಾಡಿ. ಅಕ್ಷರ ಬಂದಾಗ ಕ್ಯೂಟೇ ನಿಮ್ಮನ್ನು ಕರೆಯುತ್ತದೆ. ಕನೆಕ್ಟ್ ಸಾಲನ್ನು ಬಟನ್ನಿನ ಫಂಕ್ಷನ್ನಿನೊಳಗೆ ಬರೆಯಲೇಬೇಡಿ. ಒತ್ತಿದಷ್ಟು ಸಲ ಹೊಸ ಸಂಬಂಧ ಬೀಳುತ್ತದೆ, ಮೂರನೇ ಸಲ ಒತ್ತಿದಾಗ ಒಂದೇ ಚೀಲ ಮೂರು ಸಲ ಸೇವ್ ಆಗುತ್ತದೆ.

ಸ್ಲಾಟಿಗೆ ಬಂದದ್ದನ್ನೆಲ್ಲ ತೂಕ ಅಂತ ನಂಬಬೇಡಿ. ಸೀರಿಯಲ್ ತಂತಿಯಲ್ಲಿ ತಕ್ಕಡಿ ಕಳಿಸಿದ ಸಾಲು ತುಂಡು ತುಂಡಾಗಿ ಬರುತ್ತದೆ. 43.50 ಅನ್ನೋದು ಮೊದಲು '4' ಅಂತ ಬಂದು, ಆಮೇಲೆ '3.50' ಬರಬಹುದು. ನಾಲ್ಕು ಕೆಜಿ ಅಂತ ಬರೆದುಕೊಂಡರೆ ಸಂಜೆ ಕಣದಲ್ಲಿ ನಿಮ್ಮನ್ನ ಕಾಪಾಡೋರು ಯಾರೂ ಇಲ್ಲ. 'ಪೂರ್ತಿ ಸಾಲು ಬಂತಾ' ಅಂತ ಕ್ಯಾನ್‌ರೀಡ್‌ಲೈನನ್ನು ಕೇಳಿ. ಹೌದು ಅಂದರೆ ಮಾತ್ರ ರೀಡ್‌ಲೈನ್ ಕರೆಯಿರಿ, ಇಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ತುಂಡು ಬಫರಿನಲ್ಲೇ ಇರುತ್ತದೆ, ಎಲ್ಲೂ ಹೋಗೋಲ್ಲ. ಸಾಲಿನ ಕೊನೆಗೆ ನಿಮ್ಮ ತಕ್ಕಡಿ ನ್ಯೂಲೈನ್ ಅನ್ನೋ ಗುರುತು ಕಳಿಸುತ್ತಾ ಅಂತ ಮ್ಯಾನುಯಲ್ ನೋಡಿ. ಅದರ ಬದಲು ಬರೀ ಕ್ಯಾರೇಜ್ ರಿಟರ್ನ್ ಅನ್ನೋ ಬೇರೆ ಗುರುತು ಕಳಿಸುವ ತಕ್ಕಡಿ ಆದರೆ ಕ್ಯಾನ್‌ರೀಡ್‌ಲೈನ್ ಯಾವತ್ತೂ ಹೌದು ಅನ್ನೋಲ್ಲ, ಆಗ ಸಾಲನ್ನು ನೀವೇ ಕತ್ತರಿಸಿಕೊಳ್ಳಬೇಕು. ಕೆಲವು ತಕ್ಕಡಿಗಳು ಸಾಲಿನ ಮೊದಲಿಗೆ 'ಎಸ್‌ಟಿ' ಅಥವಾ 'ಯುಎಸ್' ಅಂತ ಸೇರಿಸುತ್ತವೆ. ಎಸ್‌ಟಿ ಅಂದರೆ ಅಂಕಿ ನಿಂತಿದೆ, ಯುಎಸ್ ಅಂದರೆ ಚೀಲ ಇನ್ನೂ ಅಲ್ಲಾಡುತ್ತಿದೆ. ಎಸ್‌ಟಿ ಇದ್ದದ್ದನ್ನು ಮಾತ್ರ ಇಟ್ಟುಕೊಳ್ಳಿ.

ಈಗ ಬಟನ್ನಿಗೆ ಉಳಿದ ಕೆಲಸ ಕೊನೆಯ ತೂಕವನ್ನು ಬರೆದುಕೊಳ್ಳೋದು ಅಷ್ಟೇ. ಬರೆದುಕೊಂಡ ಮೇಲೆ ತೂಕ ಸೊನ್ನೆಗೆ ಇಳಿಯೋವರೆಗೆ ಬಟನ್ ಡಿಸೇಬಲ್ ಮಾಡಿ. ಚೀಲ ಇಳಿಸದೆ ಎರಡನೇ ಸಲ ಒತ್ತೋಕೆ ಆಗಬಾರದು. ಜೊತೆಗೆ ಒಂದು ಕ್ಯೂಟೈಮರ್ (ಕ್ಯೂಟಿನ ಗಡಿಯಾರ) ಇಡಿ. ತಕ್ಕಡಿ ತಾನಾಗಿ ತೂಕ ಕಳಿಸುತ್ತಲೇ ಇರುವ ಥರದ್ದಾದರೆ, ಸಾಲು ಬಂದಾಗಲೆಲ್ಲ ಟೈಮರನ್ನು ಮೊದಲಿಂದ ಶುರು ಮಾಡಿ. 2 ಸೆಕೆಂಡ್ ಏನೂ ಬರದಿದ್ದರೆ ಹಳೆಯ ತೂಕ ಅಳಿಸಿ 'ತಕ್ಕಡಿ ನೋಡಿ' ಅಂತ ತೋರಿಸಿ. ಇಲ್ಲದಿದ್ದರೆ ಕರೆಂಟ್ ಹೋದ ಮೇಲೂ ಹಿಂದಿನವರ ತೂಕ ಪರದೆ ಮೇಲೆ ಕೂತಿರುತ್ತದೆ.

'ಥ್ರೆಡ್ ಹಾಕಲಾ', ಅಂದರೆ ತಕ್ಕಡಿ ಓದೋ ಕೆಲಸವನ್ನು ಪಕ್ಕದಲ್ಲಿ ಬೇರೆಯಾಗಿ ಓಡಿಸಲಾ, ಅಂತ ನೀವು ಮುಂದಿನ ಮೇಲ್ ಬರೆಯೋದು ಗೊತ್ತು. ಬೇಡ. ಇನ್ನೊಂದು ಥ್ರೆಡ್‌ನಿಂದ ಲೇಬಲ್ ಮುಟ್ಟಿದರೆ ಒಂದು ದಿನ ನಡೆಯುತ್ತೆ, ಇನ್ನೊಂದು ದಿನ ಕ್ರ್ಯಾಶ್ ಆಗುತ್ತೆ, ಯಾಕೆ ಅಂತ ಹುಡುಕೋಕೆ ನಾನು ಬರೋಲ್ಲ.

ಪೊನ್ನಂಪೇಟೆಯಿಂದ: ನನ್ನ ಕಂಪ್ಯೂಟರಿನಲ್ಲಿ ನಡೆಯುತ್ತೆ, ಆಫೀಸ್ ಕಂಪ್ಯೂಟರಿನಲ್ಲಿ ಡಿಎಲ್‌ಎಲ್ ಇಲ್ಲ ಅನ್ನುತ್ತೆ.

ಪ್ರೋಗ್ರಾಮಿಗೆ ಬೇಕಾದ ಕ್ಯೂಟ್ ಫೈಲುಗಳನ್ನು (ಡಿಎಲ್‌ಎಲ್ ಅಂದರೆ ಅವೇ) ಒಟ್ಟುಮಾಡಿ ಕೊಡುವ ವಿನ್‌ಡಿಪ್ಲಾಯ್‌ಕ್ಯೂಟ್ ಓಡಿಸಿ, ಫೋಲ್ಡರ್ ಪೂರ್ತಿ ಕಾಪಿ ಮಾಡಿ. 'ಫ್ರೀ ಡಿಎಲ್‌ಎಲ್' ಕೊಡುವ ಸೈಟುಗಳ ಹತ್ತಿರ ಹೋಗಲೇಬೇಡಿ. ಅಲ್ಲಿಂದ ತಂದು ಹಾಕಿದವರ ಕಂಪ್ಯೂಟರ್ ತೊಳೆದು ತೊಳೆದು ನನಗೆ ಬೇಜಾರಾಗಿದೆ.

ನಾಪೋಕ್ಲಿನಿಂದ: ಕೂಲಿ ಲೆಕ್ಕದಲ್ಲಿ ಪೈಸೆ ಹೊಂದುತ್ತಿಲ್ಲ.

ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ಅಂದಾಜಿಗೆ ಹಿಡಿಯುವ ದಶಮಾಂಶದಲ್ಲಿ, ಇಟ್ಟಿದ್ದೀರಿ. ಪೈಸೆ, ಗ್ರಾಂ ಎರಡನ್ನೂ ಪೂರ್ಣಾಂಕದಲ್ಲಿ ಇಡಿ.

ಸೋಮವಾರಪೇಟೆಯಿಂದ: ಹೆಸರು ಕನ್ನಡದಲ್ಲಿ ಬರಬೇಕಾದರೆ ನುಡಿ ಫಾಂಟ್ ಹಾಕಲೇಬೇಕಂತೆ?

ಯಾರು ಹೇಳಿದ್ದು? ಕ್ಯೂಟ್ ಅಕ್ಷರ ಇಡುವ ಕ್ಯೂಸ್ಟ್ರಿಂಗ್ ಯೂನಿಕೋಡ್, ವಿಂಡೋಸ್ ಯೂನಿಕೋಡ್, ಕನ್ನಡ ಫಾಂಟ್ ವಿಂಡೋಸ್ ಜೊತೆಗೇ ಬರುತ್ತೆ. ಹಳೇ ಆಸ್ಕಿ ಫಾಂಟಿನಲ್ಲಿ ಹೆಸರು ಸೇವ್ ಮಾಡಿದರೆ ನಾಳೆ ಹುಡುಕೋಕೂ ಆಗಲ್ಲ, ಅಕಾರಾದಿಯಲ್ಲಿ ಜೋಡಿಸೋಕೂ ಆಗಲ್ಲ.

ಗೋಣಿಕೊಪ್ಪದಿಂದ: ನಿನ್ನೆ ತಕ್ಕಡಿಯ ಪೋರ್ಟ್ ಹೆಸರು ಕಾಮ್3 ಇತ್ತು, ಇವತ್ತು ಕಾಮ್5. ಬಗ್ಗಾ?

ಬೇರೆ ಯುಎಸ್‌ಬಿ ತೂತಿಗೆ ಚುಚ್ಚಿದ್ದೀರಿ.

ಸುಂಟಿಕೊಪ್ಪದಿಂದ: ಇಪ್ಪತ್ತು ಆಳಿನ ತೋಟ ನಮ್ಮದು. ಇದೆಲ್ಲ ಯಾಕೆ ಸಾರ್, ಎಕ್ಸೆಲ್ ಸಾಕಲ್ವಾ?

ಸಾಕು. ನಮ್ಮನೆ ತೋಟದ ಲೆಕ್ಕವೂ ಅದರಲ್ಲೇ ಇದೆ.