ಬಂಗುಡೆ, ಎಣ್ಣೆ ಮತ್ತು ಕರುಳಿನ ಕ್ಯಾನ್ಸರ್

ಪ್ರಶ್ನೆ: ನಮ್ಮ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆಯ ಅಡುಗೆ, ವಾರಕ್ಕೆರಡು ದಿನ ಬಂಗುಡೆ ಸಾರು. ಕೊಬ್ಬಿನಾಮ್ಲಗಳು ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತವೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಎಲ್ಲವೂ ಒಂದೇ ರೀತಿ ವರ್ತಿಸುವುದಿಲ್ಲ. ಸೂರ್ಯಕಾಂತಿ ಎಣ್ಣೆಯ ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲದ ಅಲ್ಪಾಂಶ ದೇಹದಲ್ಲಿ ಅರಾಕಿಡೋನಿಕ್ ಆಮ್ಲವಾಗುತ್ತದೆ. ಅದರಿಂದ ಕಾಕ್ಸ್-2 ಕಿಣ್ವದ ನೆರವಿನಿಂದ ಉಂಟಾಗುವ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ಹಾರ್ಮೋನಿನಂಥ ರಾಸಾಯನಿಕವು ಕ್ಯಾನ್ಸರ್ ಕೋಶಗಳ ವಿಭಜನೆಗೆ ಕುಮ್ಮಕ್ಕು ಕೊಡುತ್ತದೆ. ಬಂಗುಡೆಯ ಒಮೆಗಾ-3 ಆಮ್ಲಗಳು ಅದೇ ಕಿಣ್ವಕ್ಕಾಗಿ ಪೈಪೋಟಿ ನಡೆಸುವುದರಿಂದ, ಪ್ರಯೋಗಾಲಯದಲ್ಲಿ ಆ ಬೆಳವಣಿಗೆ ತಗ್ಗುವುದು ಕಂಡುಬಂದಿದೆ. ಆದರೆ ಗಾಜಿನ ತಟ್ಟೆಯ ಕೋಶವೇ ಬೇರೆ, ಮನುಷ್ಯನ ಕರುಳೇ ಬೇರೆ: ಸುಮಾರು 26,000 ಜನರ ಮೇಲೆ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ವೈಟಲ್ ಪ್ರಯೋಗದಲ್ಲಿ ಒಮೆಗಾ-3 ಗುಳಿಗೆಗಳಿಂದ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಆದ್ದರಿಂದ ಬಂಗುಡೆಯನ್ನು ರುಚಿಗಾಗಿ ತಿನ್ನಿರಿ, ಔಷಧವೆಂದಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಜೋಳದ ರೊಟ್ಟಿ, ಕಾಳುಗಳ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಬ್ಯುಟಿರೇಟ್; ಈ ಪುಟ್ಟ ಕೊಬ್ಬಿನಾಮ್ಲವು ಆರೋಗ್ಯವಂತ ಕರುಳಕೋಶಗಳಿಗೆ ಆಹಾರವಾದರೆ, ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ.