ತಡ ಮಾಡೋದು ಗೆಳೆಯ, ನಿದ್ದೆ ಕೆಡೋದು ನನ್ನದು

ಪ್ರಶ್ನೆ: ಬೆಳಗಾವಿ ಉದ್ಯಮಬಾಗ್‌ನ ಫೌಂಡ್ರಿಯೊಂದರಲ್ಲಿ (ಎರಕದ ಕಾರ್ಖಾನೆ) ಹೊಸ ಬಿಡಿಭಾಗಗಳ ಸ್ಯಾಂಪಲ್ ಮಾಡುವ ನಾಲ್ವರ ತಂಡ ನಮ್ಮದು. ಡ್ರಾಯಿಂಗ್ ಹೊಣೆ ನನ್ನ ರೂಮ್‌ಮೇಟ್‌ನದು. ಪ್ರತಿ ಸಲ ಕೊನೆಯ ದಿನದವರೆಗೆ ಎಳೆಯುತ್ತಾನೆ. ರಾತ್ರಿ ಕೂತು ನಾನೇ ಮುಗಿಸಿಕೊಡುತ್ತೇನೆ. ಮ್ಯಾನೇಜರ್‌ಗೆ ಹೇಳಿದರೆ ಗೆಳೆತನ ಕೆಡುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಆ ರಾತ್ರಿಪಾಳಿ ನಿಲ್ಲಿಸಿ. ನೀವು ಮುಚ್ಚಿಹಾಕುತ್ತಿರುವಷ್ಟು ದಿನ ಮ್ಯಾನೇಜರ್ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ.

ಎರಡು ದಿನದ ತಡ ಎರಡೇ ದಿನಕ್ಕೆ ಮುಗಿಯುವುದಿಲ್ಲ. ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಮಾಡುವವರು ನಿಮಗಾಗಿ ಮಷೀನ್ ಖಾಲಿ ಇಟ್ಟುಕೊಂಡು ಕೂರುವುದಿಲ್ಲ. ಸರದಿ ತಪ್ಪಿದರೆ ಬೇರೆಯವರ ಕೆಲಸ ಏರುತ್ತದೆ. ಕೋರ್ ಬಾಕ್ಸ್ (ಒಳಗಿನ ಟೊಳ್ಳಿಗೆ ಇಡುವ ಮರಳಿನ ತಿರುಳು, ಅಂದರೆ ಕೋರ್ ಮಾಡುವ ಪೆಟ್ಟಿಗೆ), ಮೋಲ್ಡಿಂಗ್ (ಅಚ್ಚು ಕಟ್ಟುವುದು), ಫೆಟ್ಲಿಂಗ್ (ಎರಕದ ಒರಟು ತೆಗೆಯುವುದು) ಎಲ್ಲ ಅದರ ಹಿಂದೆಯೇ ಜಾರುತ್ತವೆ. ಇನ್ನೂ ದುಬಾರಿ ಸಂಗತಿ ಎಂದರೆ, ಅವಸರದ ಡ್ರಾಯಿಂಗ್‌ ಮೇಲೆ ಇನ್ನೊಬ್ಬರ ಕಣ್ಣು ಬಿದ್ದಿರುವುದಿಲ್ಲ. ಗ್ರೇ ಐರನ್ (ಬೂದು ಎರಕದ ಕಬ್ಬಿಣ) ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಅದಕ್ಕೆಂದು ಅಳತೆಯಲ್ಲಿ ಮೊದಲೇ ಸೇರಿಸುವ ಅಲೊವೆನ್ಸ್ ಮರೆತರೆ 600 ಮಿ.ಮೀ. ಭಾಗ 6 ಮಿ.ಮೀ. ಗಿಡ್ಡ. ಗೊತ್ತಾಗುವುದು ಕಬ್ಬಿಣ ಹೊಯ್ದ ಮೇಲೆ, ಪ್ಯಾಟರ್ನ್ ದುಡ್ಡು ಕೈಬಿಟ್ಟ ಮೇಲೆ.

ಆದರೆ ಗೆಳೆಯನನ್ನು ಸೋಮಾರಿ ಅನ್ನಲು ಅವಸರ ಬೇಡ. ಮುಂದೂಡುವ ಬಹಳ ಜನ ತಪ್ಪಿಸಿಕೊಳ್ಳುವುದು ಕೆಲಸ ತರುವ ಕಿರಿಕಿರಿಯಿಂದ, ಎಲ್ಲಿ ತಪ್ಪಾದೀತೋ ಎಂಬ ಅಳುಕಿನಿಂದ. ಮನಃಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿಸ್ ಮತ್ತು ತಿಮೋತಿ ಪಿಚಿಲ್ 2013ರಲ್ಲಿ ವಾದಿಸಿದ್ದೂ ಇದನ್ನೇ. ಯಾವ ಅಳತೆಯಲ್ಲಿ ಸಿಕ್ಕಿಕೊಂಡಿದ್ದಾನೆ ಕೇಳಿ. ಎಷ್ಟೋ ಸಲ ಗಿರಾಕಿ ಒಂದು ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದು) ಬಿಡಿಸಿ ಹೇಳಿರುವುದಿಲ್ಲ, ಫೋನ್ ಮಾಡಿ ಕೇಳಲು ಇವನಿಗೆ ಸಂಕೋಚ; ಇಡೀ ಡ್ರಾಯಿಂಗ್ ಅಲ್ಲೇ ನಿಂತಿರುತ್ತದೆ.

ಇನ್ನು ಒಂದೇ ಕೊನೆಯ ದಿನಾಂಕ ಬೇಡ, ಮೂರು ಮಾಡಿಕೊಳ್ಳಿ. ಮೊದಲನೆಯದಕ್ಕೆ ಹೊರ ಅಳತೆ ಮತ್ತು ಪಾರ್ಟಿಂಗ್ ಲೈನ್ (ಅಚ್ಚಿನ ಎರಡು ಭಾಗ ಕೂಡುವ ಗೆರೆ) ಇರುವ ಕಚ್ಚಾ ಪ್ರತಿ, ಎರಡನೆಯದಕ್ಕೆ ಕೋರ್ ಮತ್ತು ಮಷೀನಿಂಗ್ ಅಲೊವೆನ್ಸ್ (ಆಮೇಲೆ ಮಷೀನ್‌ನಲ್ಲಿ ಕೆತ್ತಿ ತೆಗೆಯಲು ಬಿಡುವ ಹೆಚ್ಚುವರಿ ದಪ್ಪ). ಪ್ಯಾಟರ್ನ್ ಶಾಪ್ ಸರದಿಗೆ ಎರಡು ದಿನ ಮೊದಲು, ಇನ್ನೊಬ್ಬರು ತಪಾಸಿಸಿದ ಪ್ರತಿ. ನಡುವೆ ‘ಆಯ್ತೇನೋ?’ ಎಂದು ಕೇಳಿದರೆ ‘ಆಗ್ಲಿಕತ್ತೈತಿ’ ಅಂತಾನೆ, ಅಷ್ಟೇ. ‘ಫೈಲ್ ತೆಗೆದು ತೋರ್ಸು’ ಅನ್ನಿ. ಅರ್ಧಂಬರ್ಧ ಇದ್ದರೂ ನಗಬೇಡಿ. ನಕ್ಕರೆ ಮುಂದಿನ ಸಲ ತೋರಿಸುವುದೇ ಇಲ್ಲ.

ಈ ಮಾತು ರೂಮಿನಲ್ಲಿ ಬೇಡ, ಹೊರಗೆ ಚಹಾ ಕುಡಿಯುತ್ತ ಆಡಿ: ‘ಇನ್ನು ರಾತ್ರಿ ನಾನು ಮುಗಿಸಿಕೊಡೋದಿಲ್ಲ, ಮೂರೂ ತಾರೀಖು ಬೋರ್ಡಿಗೆ ಬರಿತೀನಿ.’ ಬೋರ್ಡ್ ಮ್ಯಾನೇಜರ್ ಕಣ್ಣಿಗೆ ಬೀಳುವ ಕಡೆ ಇರಲಿ; ಚಾಡಿ ಹೇಳುವ ಪ್ರಮೇಯ ಬರುವುದಿಲ್ಲ. ಎರಡು ಸ್ಯಾಂಪಲ್ ಹೀಗೆ ನಡೆಸಿಯೂ ಸುಧಾರಿಸದಿದ್ದರೆ, ಡ್ರಾಯಿಂಗ್ ಬೇರೆಯವರಿಗೆ ಕೊಟ್ಟು ಆತನಿಗೆ ಫ್ಲೋರ್ ತಪಾಸಣೆ ವಹಿಸಬಹುದೇ ಎಂದು ಇಬ್ಬರೂ ಒಟ್ಟಿಗೇ ಹೋಗಿ ಮ್ಯಾನೇಜರ್‌ನ್ನು ಕೇಳಿ.