ಪ್ರತಿಭಟನೆಯ ರಾಕ್ ಸಂಗೀತಕ್ಕೂ ಮಾಧ್ಯಮ ಪಕ್ಷಪಾತಿ ಎಂಬ ಭಾವನೆಗೂ ಏನು ಸಂಬಂಧ?

1970ರ ಅಮೆರಿಕದಲ್ಲಿ ಈ ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷದ ಮೇ 4ರಂದು ಓಹಾಯೋ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ವಿಯೆಟ್ನಾಂ ಯುದ್ಧವನ್ನು ಕಾಂಬೋಡಿಯಾಕ್ಕೆ ವಿಸ್ತರಿಸಿದ್ದನ್ನು ವಿರೋಧಿಸಿ ವಿದ್ಯಾರ್ಥಿಗಳು ಸೇರಿದ್ದಾಗ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೇನೆ) ಸೈನಿಕರು ಹಾರಿಸಿದ ಗುಂಡಿಗೆ ನಾಲ್ವರು ಬಲಿಯಾಗಿ, ಒಂಬತ್ತು ಮಂದಿ ಗಾಯಗೊಂಡರು. ನಿಯತಕಾಲಿಕದಲ್ಲಿ ಅಚ್ಚಾದ ಚಿತ್ರಗಳನ್ನು ಕಂಡು ರಾಕ್ ಗಾಯಕ ನೀಲ್ ಯಂಗ್ ಬರೆದ ‘ಓಹಾಯೋ’ ಹಾಡು ಅದೇ ತಿಂಗಳು ಧ್ವನಿಮುದ್ರಣಗೊಂಡಿತು. ಅಧ್ಯಕ್ಷ ನಿಕ್ಸನ್ ಅವರ ಹೆಸರನ್ನೇ ಎತ್ತಿದ್ದ ಅದನ್ನು ಕೆಲವು ಎ.ಎಂ. ರೇಡಿಯೊ ಕೇಂದ್ರಗಳು ಪ್ರಸಾರ ಮಾಡಲು ನಿರಾಕರಿಸಿದವು. ಮಾಧ್ಯಮ ಸರ್ಕಾರದ ಪರ ಎಂಬ ಯುವಜನರ ಗುಮಾನಿಗೆ ಇಂಥ ನಿರಾಕರಣೆಯೇ ಪುಷ್ಟಿ ಕೊಡುತ್ತಿತ್ತು. ಆದರೆ ಆ ಹಾಡಿಗೆ ಪ್ರೇರಣೆಯಾದ ಚಿತ್ರಗಳನ್ನು ಕೊಟ್ಟದ್ದೂ ಮಾಧ್ಯಮವೇ, ಇದನ್ನು ಮರೆಯಬಾರದು. ಇತ್ತ ಸರ್ಕಾರದ ದೂರು ತದ್ವಿರುದ್ಧವಾಗಿತ್ತು: 1969ರ ನವೆಂಬರ್‌ನಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ, ಯಾರೂ ಚುನಾಯಿಸದ ಬೆರಳೆಣಿಕೆಯ ಟಿವಿ ವ್ಯಾಖ್ಯಾನಕಾರರು ಅಧ್ಯಕ್ಷರ ಭಾಷಣ ಮುಗಿದ ಕೂಡಲೇ ಅದನ್ನು ಹೀಗಳೆಯುತ್ತಾರೆ ಎಂದು ಬಹಿರಂಗವಾಗಿಯೇ ಹರಿಹಾಯ್ದಿದ್ದರು. 1985ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನವೊಂದು, ಒಂದೇ ಮಾಧ್ಯಮ ಎರಡೂ ಕಡೆಯವರಿಗೆ ಪಕ್ಷಪಾತಿಯಾಗಿ ಕಂಡದ್ದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಅದರಲ್ಲಿ ಒಂದೇ ಟಿವಿ ವರದಿಗಳನ್ನು ನೋಡಿದ ಇಸ್ರೇಲ್ ಪರರೂ ಅರಬ್ ಪರರೂ ಅವು ತಮ್ಮ ವಿರುದ್ಧವೇ ವಾಲಿವೆ ಎಂದಿದ್ದರು.